ಗಾದಿಯಿಂದ ನೋಡುವ ಮಾನಿಟರ್

ಗದಗಿನ ಕಂಪ್ಯೂಟರ್ ಅಂಗಡಿಯಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಮಾನಿಟರ್ ಆರಿಸಿದ ಗಿರಾಕಿ ಬಹುಶಃ ನಾನೊಬ್ಬಳೇ. ಆ ದಿನ ನನ್ನ ಚೀಲದಲ್ಲಿ ಒಂದು ಪೆನ್‌ಡ್ರೈವ್ ಇತ್ತು. ಅದರೊಳಗೆ ನಾನು ಕೆಲಸ ಮಾಡುವ ಹತ್ತಿ ಜಿನ್ನಿನ ಅಂಗಳದ ಒಂದು ಮಧ್ಯಾಹ್ನ ಇತ್ತು. ಒಬ್ಬ ಹೆಣ್ಣುಮಗಳು ಹತ್ತಿಯ ರಾಶಿ ಏರುತ್ತಾಳೆ, ಅಡ್ಡಾಗುತ್ತಾಳೆ, ಸ್ವಲ್ಪ ಹೊತ್ತಿಗೆ ರಾಶಿಗೆ ಬೆಂಕಿ ಹೊತ್ತಿಕೊಳ್ಳುತ್ತದೆ. ಹಚ್ಚಿದವಳು ಆಕೆಯೇ ಎಂದು ಎಲ್ಲರೂ ಹೇಳುತ್ತಿದ್ದರು. ಆಕೆಯ ಕೆಲಸ ಹೋಗಿತ್ತು. ಆ ದೃಶ್ಯವನ್ನು ಎಲ್ಲರಿಗೂ ಹಾಕಿ ತೋರಿಸಿದವಳು ನಾನು. ನಾನೂ ಹಾಗೆಯೇ ನಂಬಿದ್ದೆ.

ನಮ್ಮ ಜಿನ್ನು ಲಕ್ಷ್ಮೇಶ್ವರದ ಹೊರಗಿದೆ. ಹೊಲದಿಂದ ಬಂದ ಹತ್ತಿಯಲ್ಲಿನ ಕಾಳು ಬೇರ್ಪಡಿಸಿ, ಅರಳೆಯನ್ನು ಒತ್ತಿ ಬೇಲು ಕಟ್ಟುವ ಕಾರ್ಖಾನೆ. ಸುಗ್ಗಿಯಲ್ಲಿ ಹಮ್ಮಿಗಿ, ಮುಂಡರಗಿ ಕಡೆಯಿಂದಲೂ ಲಾರಿಗಳು ಬಂದು ನಿಲ್ಲುತ್ತವೆ. ನಾನು ಬಿಸಿಎ ಓದಿದವಳು. ತೂಕದ ಚೀಟಿಗಳನ್ನು ಕಂಪ್ಯೂಟರಿಗೆ ಏರಿಸುವುದು, ಕ್ಯಾಮೆರಾಗಳ ರೆಕಾರ್ಡಿಂಗ್ ನೋಡಿಕೊಳ್ಳುವುದು ನನ್ನ ಕೆಲಸ.

ನಮ್ಮ ಸಾಹುಕಾರರು ಕುರ್ಚಿಯಲ್ಲಿ ಕೂರುವವರಲ್ಲ. ಆಫೀಸಿನ ಅರ್ಧ ಭಾಗದಲ್ಲಿ ನೆಲದ ಮೇಲೆ ಗಾದಿ ಹಾಸಿದೆ. ಬಿಳಿಯ ಹೊದಿಕೆ, ಬೆನ್ನಿಗೆ ಲೋಡುದಿಂಬು. ಅವರ ತಂದೆ ಕೂತ ಜಾಗ, ಅಜ್ಜ ಕೂತ ಜಾಗ. ವ್ಯಾಪಾರಕ್ಕೆ ಬಂದವರೂ ಚಪ್ಪಲಿ ಬಿಟ್ಟು ಅದರ ಅಂಚಿನಲ್ಲಿ ಕೂರುತ್ತಾರೆ. ಕ್ಯಾಮೆರಾ ಹಾಕಲು ಬಂದವನು ಮಾನಿಟರ್ ಎಲ್ಲಿ ಕೂಡಿಸಲಿ ಎಂದು ಕೇಳಿದಾಗ ಸಾಹುಕಾರರು ಎದುರಿನ ಗೋಡೆಯ ತುದಿಯನ್ನು ತೋರಿಸಿದರಂತೆ. ಅಲ್ಲಿ ದೇವರ ಫೋಟೋಗಳ ಸಾಲು ಇತ್ತು. ಕಾರ್ಖಾನೆಯನ್ನು ಕಾಯುವ ವಸ್ತು ತಾನೇ, ಅದೂ ಆ ಸಾಲಿನಲ್ಲೇ ಇರಲಿ ಎಂದು. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಅದರ ಚೌಕಟ್ಟಿಗೂ ಕುಂಕುಮ ಹಚ್ಚುತ್ತಿದ್ದೆವು. ಒಮ್ಮೆ ಕುಂಕುಮ ಕಂಡ ಮೇಲೆ ಅದನ್ನು ಕೆಳಗಿಳಿಸುವ ಮಾತನ್ನು ಯಾರೂ ಆಡುವಂತಿರಲಿಲ್ಲ.

ಆದರೆ ಅದು ಟಿಎನ್ ಎಂಬ ಬಗೆಯ ಪರದೆ. ಅಗ್ಗ, ಗಟ್ಟಿಮುಟ್ಟು, ನೇರ ಎದುರಿಗೆ ಕೂತರೆ ದೂರುವಂಥದ್ದೇನೂ ಇಲ್ಲ. ಕೆಳಗಿನಿಂದ ತಲೆಯೆತ್ತಿ ನೋಡಿದರೆ ಮಾತ್ರ ಚಿತ್ರವೆಲ್ಲ ಕಪ್ಪಿಡುತ್ತದೆ. ಗಾದಿಯಿಂದ ನೋಡುವ ಸಾಹುಕಾರರಿಗೆ ಮಟಮಟ ಮಧ್ಯಾಹ್ನವೂ ಮುಸ್ಸಂಜೆಯಂತೆ ಕಾಣುತ್ತಿತ್ತು. "ಬೆಳಕ ಏರಿಸವ್ವಾ" ಎಂದು ಹೇಳಿ ಹೇಳಿ, ಏರಿಸಬಹುದಾದಷ್ಟನ್ನೂ ನನ್ನ ಕೈಯಿಂದಲೇ ಏರಿಸಿದ್ದರು. ಆಗ ಅವರಿಗೆ ಒಂದಿಷ್ಟು ಕಾಣತೊಡಗಿತು. ಪಕ್ಕದ ಮೇಜಿನಲ್ಲಿ ಕೂರುವ ನನಗೆ ಅಂಗಳದ ಹತ್ತಿಯೆಲ್ಲ ಬರೆಯದ ಹಾಳೆಯಂತೆ ಒಂದೇ ಬಿಳಿಯಾಯಿತು. ಕಣ್ಣು ಕುಕ್ಕುತ್ತದೆ ಎಂದು ನಾನು ಅದನ್ನು ನೋಡುವುದನ್ನೇ ಕಡಿಮೆ ಮಾಡಿದ್ದೆ.

ರಾಶಿ ತುಳಿಯುವ ಕೆಲಸಕ್ಕೆ ಅಡರಕಟ್ಟಿಯಿಂದ ಹೆಣ್ಣುಮಕ್ಕಳು ಟೆಂಪೋದಲ್ಲಿ ಬರುತ್ತಾರೆ. ಅವರಲ್ಲಿ ಹಿರಿಯಳೊಬ್ಬಳನ್ನು ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದೆವು. ಐವತ್ತು ದಾಟಿರಬೇಕು. ಕಟುವಾಗಿ ಮಾತಾಡುವವಳು, ನಗಿಸುವವಳು. ಊಟದ ಬಿಡುವಿನಲ್ಲಿ ಉಳಿದವರು ಬೇವಿನ ನೆರಳಿಗೆ ಹೋದರೆ ಆಕೆ ತಾನು ತುಳಿದ ರಾಶಿಯ ಮೇಲೇ ಹೋಗಿ ಮಲಗುತ್ತಿದ್ದಳು. "ಮನ್ಯಾಗ ಇಂಥಾ ಹಾಸಿಗಿ ಯಾಂವ ಕೊಡ್ತಾನವಾ? ಹದಿನೈದು ನಿಮಿಷ ನಾನೂ ಸಾಹುಕಾರ್ತಿ" ಎನ್ನುತ್ತಿದ್ದಳು.

ಆ ದಿನ ನಾನು ಊಟ ಮುಗಿಸಿ ಗಡಿಗೆಯಿಂದ ನೀರು ತುಂಬಿಕೊಳ್ಳಲು ಎದ್ದೆ. ಲೋಟ ಹಿಡಿದು ಮಾನಿಟರಿನತ್ತ ಕಣ್ಣು ಹಾಯಿಸಿದೆ. ಮೂಲೆಯಲ್ಲಿ ಹನ್ನೆರಡೂ ಐವತ್ತು. ಅಕ್ಕ ರಾಶಿ ಏರುತ್ತಿದ್ದಳು. ಬಿಳಿಯ ಮೇಲೆ ಒಂದು ಹಸಿರು ಸೀರೆ, ಅಷ್ಟೇ. ನೀರು ಕುಡಿದು ಬಂದು ಕೂತೆ.

ಆ ಲೋಟ, ಆ ನೋಟ ಈಗಲೂ ದಿನಕ್ಕೊಮ್ಮೆಯಾದರೂ ನನ್ನೊಳಗೆ ಮರಳಿ ನಡೆಯುತ್ತದೆ. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಯಾರೋ ನನ್ನನ್ನು ಮಾತಾಡಿಸುತ್ತಿರುವಾಗ. ಪ್ರತಿ ಸಲವೂ ನಾನು ಇನ್ನೊಂದು ಕ್ಷಣ ಹೆಚ್ಚು ನಿಂತು ನೋಡುತ್ತೇನೆ, ಲೋಟ ಬಿಸಾಕಿ ಹೊರಗೆ ಓಡುತ್ತೇನೆ. ನಿಜದಲ್ಲಿ ನಾನು ಕೂತು ಏಳೋ ಎಂಟೋ ಚೀಟಿ ಏರಿಸಿದೆ.

ಮಧ್ಯಾಹ್ನದ ಒಂದು ಗಂಟೆ ದಾಟಿತ್ತು. ಗೇಟಿನ ವಾಚಮನ್ನನ ಕೂಗು ಕೇಳಿ ಹೊರಗೆ ಓಡಿದೆ. ಬೆಂಕಿ ಎಂದರೆ ಕೆಂಪು ಎಂದು ತಿಳಿದಿದ್ದೆ. ಆ ಬಿಸಿಲಿನಲ್ಲಿ ಅದಕ್ಕೆ ಬಣ್ಣವೇ ಇರಲಿಲ್ಲ. ರಾಶಿಯ ಮೈಮೇಲಿನ ಸಣ್ಣ ನೂಲೆಳೆಗಳ ಗುಂಟ ಏನೋ ಹರಿಯುತ್ತಿತ್ತು, ಜೋಳದ ಹೊಲದ ಮೇಲೆ ಗಾಳಿ ಹಾಯುವ ಹಾಗೆ. ಅದು ಹಾದಲ್ಲೆಲ್ಲ ಬಿಳಿ ಕಂದಾಗುತ್ತಿತ್ತು, ಕಂದು ಕಪ್ಪಾಗುತ್ತಿತ್ತು. ಅಂಗಳದ ಕಾಂಪೌಂಡ್ ಗೋಡೆಯ ಕಡೆಯ ಮಗ್ಗುಲಿನಿಂದ ಹೊಗೆ ಒಮ್ಮೆಲೇ ಎದ್ದಿತು. ಅಷ್ಟು ಹತ್ತಿರದಲ್ಲಿ ಅಷ್ಟು ದೊಡ್ಡದೊಂದನ್ನು ನಾನು ಹಿಂದೆ ಕಂಡಿರಲಿಲ್ಲ. ಅಂಜಿಕೆಗಿಂತ ಮೊದಲು ನನಗೆ ಆದದ್ದು ಬೆರಗು, ಇದನ್ನು ಹೇಳಲು ನಾಚಿಕೆಯಾಗುತ್ತದೆ. ಕಾಲು ನೆಟ್ಟಂತಾಗಿ ನೋಡುತ್ತ ನಿಂತುಬಿಟ್ಟೆ. ಆಮೇಲೆ ತುದಿಯಲ್ಲಿ ಹಸಿರು ಸೀರೆ ಎದ್ದು ನಿಂತದ್ದು ಕಂಡಿತು.

"ಜಿಗಿ ಅಕ್ಕಾ, ಜಿಗಿ!" ಎಂದು ಕಿರುಚಿದೆ.

ಆಕೆ ಜಿಗಿಯಲಿಲ್ಲ. ಎತ್ತ ಜಿಗಿಯಬೇಕೆಂದು ತಿಳಿಯದೆ ಒಂದು ಸುತ್ತು ತಿರುಗಿದಳು. ಕಾಲ ಕೆಳಗಿನ ಹತ್ತಿ ಕುಸಿಯಿತು. ಕುಸಿದ ಹತ್ತಿಯ ಜೊತೆಗೇ ಜಾರಿ ನಮ್ಮ ಕಡೆಗೆ ಬಂದು ಬಿದ್ದಳು. ನಾನೂ ವಾಚಮನ್ನನೂ ರಟ್ಟೆ ಹಿಡಿದು ಎಳೆದೆವು. ಸೀರೆಯ ಅಂಚು ಹೊತ್ತಿತ್ತು, ಅದನ್ನು ನಾನು ಕೈಯಿಂದಲೇ ಉಜ್ಜಿ ಆರಿಸಿದೆ. ಆಕೆಯ ಎರಡೂ ಅಂಗಾಲುಗಳು ಸುಟ್ಟಿದ್ದವು. ನೀರು, ಉಸುಕು, ಆಮೇಲೆ ಬಂದ ಅಗ್ನಿಶಾಮಕ ಗಾಡಿ ಎಲ್ಲ ಸೇರಿ ಒಳಗಿನ ಯಂತ್ರಗಳನ್ನು ಉಳಿಸಿದವು. ಆ ರಾಶಿ ಮಾತ್ರ ಹೋಯಿತು.

ಸಂಜೆಗೆ ಮುಂಚೆಯೇ ಸಾಹುಕಾರರು ರೆಕಾರ್ಡಿಂಗ್ ಹಾಕಿಸಿದರು. ಎಲ್ಲರೂ ಕತ್ತು ಎತ್ತಿ ನಿಂತರು. ಬಿಳಿ ರಾಶಿ. ಹಸಿರು ಸೀರೆ ಏರುತ್ತದೆ, ಮಲಗುತ್ತದೆ. ಬಿಳಿ, ಬಿಳಿ, ಬಿಳಿ. ಆಮೇಲೆ ಒಮ್ಮೆಲೇ ಕಪ್ಪು. ಅಷ್ಟರಲ್ಲಿ ಯಾರೋ ಆಕೆಯ ಬುತ್ತಿಯ ಗಂಟನ್ನು ತಂದು ಬಿಚ್ಚಿದರು. ಒಳಗೊಂದು ಕಡ್ಡಿಪೆಟ್ಟಿಗೆ ಇತ್ತು. ಮನೆಗೆಂದು ಬೆಳಿಗ್ಗೆ ಅಂಗಡಿಯಲ್ಲಿ ಕೊಂಡದ್ದನ್ನು ಗೇಟಿನಲ್ಲಿ ಕೊಟ್ಟು ಬರಲು ಮರೆತಿದ್ದಳಂತೆ. ಜಿನ್ನಿನೊಳಗೆ ಕಡ್ಡಿಪೆಟ್ಟಿಗೆ ತರುವಂತಿಲ್ಲ.

"ಇನ್ನೇನ ಸಾಕ್ಷಿ ಬೇಕ್ರಿ? ಕ್ಯಾಮೆರಾದಾಗ ಐತಲ್ಲ" ಎಂದ ವಾಚಮನ್ನ. ಪರದೆಯ ಮೇಲಿನ ದೃಶ್ಯವನ್ನು ಅವನು ಮೊಬೈಲಿನಲ್ಲಿ ಹಿಡಿದುಕೊಂಡ. ರಾತ್ರಿಯೊಳಗೆ ಅದು ಅಡರಕಟ್ಟಿಯ ಮನೆಮನೆಗೂ ಮುಟ್ಟಿತ್ತು.

ಮೂರನೆಯ ದಿನ ಮುಲಾಮು ತೆಗೆದುಕೊಂಡು ಆಕೆಯ ಮನೆಗೆ ಹೋದೆ. ಬಾಗಿಲ ಬಳಿ ಕಾಲು ಚಾಚಿ ಕೂತಿದ್ದಳು. ಕಾಲಿಗೆ ಬಟ್ಟೆ ಸುತ್ತಿತ್ತು.

"ಬಾ ಯವ್ವಾ. ಬೆಂಕಿ ಹಚ್ಚಿದಾಕಿ ಮನಿಗೆ ಬಂದಿ, ನಿನ್ನೂ ಫೋಟೋ ಹಿಡದಾರು" ಎಂದಳು.

ನಾನು ಮುಲಾಮನ್ನು ಆಕೆಯ ಪಕ್ಕದಲ್ಲಿಟ್ಟು ಕುಳಿತೆ.

"ಟೆಂಪೋದಾಂವ ನಮ್ಮ ಓಣ್ಯಾಗ ಹಾರ್ನ್ ಹೊಡಿಯೂದನ್ನೂ ಬಿಟ್ಟಾನ. ಹುಲಕೋಟಿ ಕಡೆ ಮಿಲ್ಲಿಗಿ ಕೇಳ್ಸಿದ್ನಿ. ಅಲ್ಲಿಗೂ ಹೋಗೇತಂತ ಆ ವಿಡಿಯೋ. ಇನ್ನ ಯಾವ ಹತ್ತಿ ಹಂತ್ಯಾಕ ನನ್ನ ಬಿಡ್ತಾರ?" ಆಮೇಲೆ ತನಗೆ ತಾನೇ ಎಂಬಂತೆ ಹೇಳಿದಳು: "ಅವತ್ತ ಹತ್ತಿ ಬೆಚ್ಚಗಿತ್ತು ನೋಡು. ಬಿಸಲಿಗೆ ಕಾದೈತಿ ಅನಕೊಂಡೆ. ಎಷ್ಟ ಛಲೋ ನಿದ್ದಿ ಬಂತು ಅಂದ್ರ!"

ಆ ಮಾತನ್ನು ಕೇಳಿಯೂ ನನಗೆ ಏನೂ ಹೊಳೆಯಲಿಲ್ಲ.

ವಾರದ ನಂತರ ಸಾಹುಕಾರರು ನನ್ನನ್ನು ಕರೆದರು. "ಆ ಮಾನಿಟರ್ ಸಣ್ಣದಾತು. ದೊಡ್ಡದಿದ್ರ ಜಲ್ದಿ ಕಾಣತಿತ್ತು. ನೀ ಕಲ್ತಾಕಿ, ಗದಗಿಗೆ ಹೋಗಿ ಮೂವತ್ತೆರಡ ಇಂಚಿಂದು ತಗೊಂಡು ಬಾ." ಅಂಗಡಿಗಳಲ್ಲಿ ಎಲ್ಲ ಪರದೆಗಳ ಮೇಲೂ ಗಿಳಿ, ಹೂವು, ಸಮುದ್ರಗಳನ್ನು ಹಾಕಿಟ್ಟಿರುತ್ತಾರೆ ಎಂದು ನನಗೆ ಗೊತ್ತಿತ್ತು. ಗಿಳಿ ಎಲ್ಲದರಲ್ಲೂ ಚೆನ್ನ. ನಮಗೆ ನೋಡಬೇಕಾದದ್ದು ಹತ್ತಿ. ಹಾಗಾಗಿ ಆ ಮಧ್ಯಾಹ್ನದ ರೆಕಾರ್ಡಿಂಗನ್ನೇ ಪೆನ್‌ಡ್ರೈವಿಗೆ ತುಂಬಿಕೊಂಡೆ. ಯಾವ ಪರದೆಯಲ್ಲಿ ಜ್ವಾಲೆ ಬೇಗ ಕಾಣುತ್ತದೋ ಅದನ್ನು ತರುವುದು, ಇಷ್ಟೇ ನನ್ನ ಎಣಿಕೆ.

ಅಂಗಡಿಯ ಮಾಲೀಕರು ಗಡ್ಡಕ್ಕೆ ಮೆಹಂದಿ ಹಚ್ಚಿದ ಮುಸ್ಲಿಂ ಹಿರಿಯರು. "ಬರ್ರಿ ಅಕ್ಕಾರ, ಕುಂಡ್ರಿ. ಎದಕ್ಕ ಬೇಕ್ರಿ ಮಾನಿಟರ್? ಗೇಮ್ ಆಡಾಕೋ, ಡಿಸೈನ್ ಕೆಲಸಕ್ಕೋ?"

"ಹತ್ತಿ ನೋಡಾಕ್ರಿ."

"ಹತ್ತಿ ನೋಡಾಕ ಬಯಲಿಗಿ ಹೋದ್ರ ಆತಲ್ರಿ!" ಎಂದು ನಕ್ಕರು. ನಾನು ನಗದಿದ್ದುದನ್ನು ಕಂಡು ಪರದೆಗಳನ್ನು ಇಳಿಸತೊಡಗಿದರು.

ಮೂರು ಪರದೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟರು. ಮೊದಲನೆಯದು ನಮ್ಮಲ್ಲಿದ್ದಂಥದೇ ಟಿಎನ್. ಎರಡನೆಯದು ಸಾಹುಕಾರರು ಹೇಳಿದ ಮೂವತ್ತೆರಡು ಇಂಚಿನದು, ವಿಎ ಎಂಬ ಬಗೆ. ಮೂರನೆಯದು ಇಪ್ಪತ್ತೇಳು ಇಂಚಿನ ಐಪಿಎಸ್. ಮೂರಕ್ಕೂ ನನ್ನ ರೆಕಾರ್ಡಿಂಗನ್ನೇ ಹಾಕಲು ಕೇಳಿಕೊಂಡೆ. ಆಮೇಲೆ, "ಇವನ್ನ ಮ್ಯಾಲಿನ ರ‍್ಯಾಕಿಗೆ ಏರಸ್ತೀರೇನ್ರಿ?" ಎಂದೆ. ಅವರು ಗೊಣಗುತ್ತ ಏರಿಸಿ ತಿರುಗುವಷ್ಟರಲ್ಲಿ ನಾನು ಚಪ್ಪಲಿ ಬಿಟ್ಟು ನೆಲಕ್ಕೆ ಕೂತಿದ್ದೆ.

"ಅಯ್ಯ, ಏನ್ರಿ ಇದು! ಕುರ್ಚಿ ಐತಲ್ರಿ. ನೋಡಿದವ್ರು ಏನಂದಾರು, ಗಿರಾಕಿನ್ನ ನೆಲಕ್ಕ ಕುಂಡ್ರಿಸ್ಯಾನ ಅಂತಾರ."

"ನಮ್ಮ ಸಾಹುಕಾರ್ರು ಗಾದಿ ಮ್ಯಾಲ ಕುಂಡ್ರತಾರ್ರಿ. ಅವರಿಗೆ ಕಾಣೂ ಹಂಗ ನೋಡಬೇಕು."

ಅವರು ಒಂದು ಕ್ಷಣ ನನ್ನನ್ನು ನೋಡಿ, ಮೊಣಕಾಲ ಮೇಲೆ ಕೈಯೂರಿ, "ಯಾ ಅಲ್ಲಾ" ಎನ್ನುತ್ತ ಪಕ್ಕದಲ್ಲಿ ತಾವೂ ಕೂತರು. ಕತ್ತೆತ್ತಿ ಟಿಎನ್ ನೋಡಿದರು. ಹತ್ತಿಯ ರಾಶಿ ಕಲ್ಲಿದ್ದಲಿನ ಗುಡ್ಡೆಯಂತೆ ಕಪ್ಪಾಗಿತ್ತು, ನೆರಳುಗಳು ಬೆಳ್ಳಗಿದ್ದವು. "ಅರೇ! ಇಷ್ಟ ವರ್ಷ ಮಾರೀನಿ, ಕೆಳಗ ಕುಂತು ಒಮ್ಮಿನೂ ನೋಡಿದ್ದಿಲ್ರಿ" ಎಂದರು. ಎದ್ದು ನಿಂತು ನೋಡಿದರು, ಮತ್ತೆ ಕೂತು ನೋಡಿದರು, ಮಕ್ಕಳ ಹಾಗೆ.

ಎರಡನೆಯದು ನಿಂತು ನೋಡುವಾಗ ಚೆಲುವಾಗಿತ್ತು. ಯಂತ್ರಶಾಲೆಯ ಬಾಗಿಲಿನೊಳಗಿನ ಕತ್ತಲೆ ಬಾವಿಯಷ್ಟು ಆಳವಾಗಿ ಕಂಡಿತು. ರಾಶಿಯ ಹೆಗಲಿನ ಮೇಲೆ ಏನೋ ಮಬ್ಬು ಇದೆಯೇನೋ ಎಂದು ನನಗೊಂದು ಅನುಮಾನವೂ ಬಂತು. ಆದರೆ ಕೆಳಗೆ ಕೂತ ಕೂಡಲೇ ಚಿತ್ರ ಬಿಸಿಲಿಗೆ ಮಾಸಿದ ಬಟ್ಟೆಯಂತಾಯಿತು. ಆ ಮಬ್ಬು ಅದರಲ್ಲಿ ಕರಗಿಹೋಯಿತು.

ಮೂರನೆಯದಕ್ಕೆ ಕಣ್ಣು ತಿರುಗಿಸಿದೆ. ಹೇಗೆ ಹೇಳಲಿ? ಹತ್ತಿಗೆ ಅಷ್ಟು ಬಣ್ಣಗಳಿವೆಯೆಂದು ಅದರ ನಡುವೆಯೇ ದುಡಿಯುವ ನನಗೆ ತಿಳಿದಿರಲಿಲ್ಲ. ಒಂದು ಮಗ್ಗುಲು ಹಾಲಿನ ಕೆನೆಯಂತೆ, ಇನ್ನೊಂದು ಬೂದಿ ಬೆರೆಸಿದಂತೆ. ನೆರಳಿನಲ್ಲಿ ತುಸು ನೀಲಿ. ಬೇರೆ ಬೇರೆ ಊರಿನ ಲಾರಿಗಳ ಹತ್ತಿ ಒಂದರ ಮೇಲೊಂದು ಬಿದ್ದ ಪದರಗಳು ಕಾಣುತ್ತಿದ್ದವು. ತುಳಿದ ಹೆಜ್ಜೆಗಳ ಗುಳಿಗಳು ಕಾಣುತ್ತಿದ್ದವು. ನಾನು ಎರಡು ವರ್ಷ ದಿನವೂ ಬರಿಯ ಬಿಳಿ ಹಾಳೆ ಎಂದು ನೋಡಿದ್ದು ಒಂದು ಗುಡ್ಡವಾಗಿತ್ತು. ಅದಕ್ಕೆ ಬೆನ್ನಿತ್ತು, ಹೊಟ್ಟೆಯಿತ್ತು, ಮಡಿಕೆಗಳಿದ್ದವು. ಕೆಳಗೆ ಕೂತರೂ ಹಾಗೆಯೇ ಇತ್ತು. ಕ್ಯಾಮೆರಾ ಇದೆಲ್ಲವನ್ನೂ ಪ್ರತಿದಿನ ಕಂಡು ಕಳಿಸುತ್ತಿತ್ತು. ನಮ್ಮ ಪರದೆಗೆ ಅದನ್ನು ಹೇಳಲು ಬಂದಿರಲಿಲ್ಲ.

"ಅಕ್ಕಾರ" ಎಂದರು ಅಂಗಡಿಯವರು, ದನಿ ತಗ್ಗಿಸಿ. "ಆ ಗ್ವಾಡಿ ಕಡೆ ನೋಡ್ರಿ. ಅದೇನ್ರಿ, ಉಸರ ಬಿಟ್ಟಂಗ ಆಗಾಕತ್ತೇತಿ?"

ನೋಡಿದೆ. ರಾಶಿಯ ಆಚೆಯ ಹೆಗಲಿನಲ್ಲಿ ಬಿಳಿಯ ಮೇಲೆ ಬಿಳಿಯಾದದ್ದೇನೋ ಏಳುತ್ತಿತ್ತು, ಹರಡುತ್ತಿತ್ತು, ಇಲ್ಲವಾಗುತ್ತಿತ್ತು. ಚಳಿಗಾಲದ ಬೆಳಿಗ್ಗೆ ಎಮ್ಮೆಯ ಮೂಗಿನಿಂದ ಬರುವ ಹಬೆಯಷ್ಟು ತೆಳ್ಳಗೆ. ಒಂದು ಗಳಿಗೆ ಬಿಟ್ಟು ಮತ್ತೆ. ಅಂಗಳದಲ್ಲಿ ಯಾವಾಗಲೂ ಹಾರುವ ಹತ್ತಿಯ ಧೂಳಿನ ನಡುವೆ, ಗೋಡೆಯ ಕಡೆಗಿದ್ದ ಅದನ್ನು ನೆಲದ ಮೇಲೆ ಓಡಾಡುವ ಯಾರೂ ಕಾಣುವಂತಿರಲಿಲ್ಲ. ಕಂಬದ ಮೇಲಿನ ಕ್ಯಾಮೆರಾ ಒಂದೇ ಕಾಣಬಹುದಾಗಿತ್ತು.

ಪರದೆಯ ಮೂಲೆ ನೋಡಿದೆ. ಹನ್ನೆರಡೂ ಮೂವತ್ತೊಂದು.

ರಾಶಿಯ ಮೇಲೆ ಯಾರೂ ಇರಲಿಲ್ಲ. ಅಕ್ಕ ಏರಲು ಇನ್ನೂ ಹತ್ತೊಂಬತ್ತು ನಿಮಿಷ ಬಾಕಿ ಇತ್ತು.

ಹಾಗೆಯೇ ಕೂತು ಆ ಹತ್ತೊಂಬತ್ತು ನಿಮಿಷವನ್ನೂ ಓಡಿಸದೆ ನೋಡಿದೆ. ಹೊಗೆ ಉಸಿರಾಡುತ್ತಲೇ ಇತ್ತು. ಐವತ್ತಕ್ಕೆ ಹಸಿರು ಸೀರೆ ಬಂತು. ಆಗ ಲೋಟ ಹಿಡಿದು ನಾನು ನಿಂತಿದ್ದೆ. ಆಗ ಇದು ನನ್ನ ಕಣ್ಣ ಮುಂದೆಯೇ ಇತ್ತು. ಹೊಗೆಯನ್ನು ಗಾಳಿ ಗೋಡೆಯಾಚೆಗೆ ಒಯ್ಯುತ್ತಿತ್ತು, ಆಕೆ ಅದರ ಪಕ್ಕದಲ್ಲೇ ಹಾದುಹೋಗಿ, ಗಾಳಿಗೆ ಬೆನ್ನು ಕೊಟ್ಟು ಮಲಗಿದಳು. ಹತ್ತಿ ಬೆಚ್ಚಗಿತ್ತು ಎಂದು ಆಕೆ ಹೇಳಿದ್ದು ಆಗ ನನಗೆ ಅರ್ಥವಾಯಿತು. ಆಕೆಯ ಬೆನ್ನ ಕೆಳಗೆ, ಒಳಗೆಲ್ಲೋ, ಅದು ಆಗಲೇ ದಾರಿ ಮಾಡಿಕೊಂಡು ಬರುತ್ತಿತ್ತು.

"ಆಕಿ ಬರೂಕಿಂತ ಮೊದಲ ಹತ್ತಿತ್ತಲ್ರಿ ಇದು" ಎಂದರು ಅಂಗಡಿಯವರು. ನಾನು ಅಲ್ಲಿಯವರೆಗೆ ಅವರಿಗೆ ಏನೂ ಹೇಳಿರಲಿಲ್ಲ. ಆಗ ಹೇಳಿದೆ. ಅವರು ಗಡ್ಡ ನೀವಿಕೊಳ್ಳುತ್ತ ಕೇಳಿದರು. ಆಮೇಲೆ, "ಹಿಂದಕ್ಕ ಹೋಗೂಣು ತಡೀರಿ. ಎಲ್ಲಿ ಚಾಲೂ ಆಗೇತಿ ನೋಡೂಣು" ಎಂದರು.

ಹನ್ನೆರಡೂ ಹದಿನೆಂಟಕ್ಕೆ ಅದೇ ಗೋಡೆಯ ಕಡೆ, ಎರಡು ರಾಶಿಗಳ ನಡುವಿನ ಸಂದಿಯಲ್ಲಿ ಒಂದು ಟ್ರ್ಯಾಕ್ಟರ್ ಇತ್ತು. ಟ್ರ್ಯಾಕ್ಟರುಗಳು ಆ ಸಂದಿಗೆ ಬರುವಂತಿಲ್ಲ. ಹೊರಗೆ ನಿಲ್ಲಬೇಕು, ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಹೊರಬೇಕು. ಅದರ ಸೈಲೆನ್ಸರ್ ಹತ್ತಿಯನ್ನು ತಾಗುವಷ್ಟು ಹತ್ತಿರವಿತ್ತು. ಚಕ್ರ ಸಿಕ್ಕಿಕೊಂಡಿರಬೇಕು, ಚಾಲಕ ಎಂಜಿನ್ನನ್ನು ರೊಂಯ್ಯನೆ ಏರಿಸಿದ್ದು ಕಪ್ಪು ಹೊಗೆಯ ಉಂಡೆಯಿಂದ ತಿಳಿಯುತ್ತಿತ್ತು. ಆ ಉಂಡೆಯೊಳಗೆ ಎರಡು ಮೂರು ಸಣ್ಣ ಕಿಡಿಗಳು. ಅದರ ಮುಂದೆ ಬಿಳಿ ಅಂಗಿಯ ಒಬ್ಬರು ನಿಂತು, ಬರಲಿ ಬರಲಿ ಎಂದು ಕೈ ಮಾಡುತ್ತಿದ್ದರು.

ಆ ನಿಲುವನ್ನು ನಾನು ಎಲ್ಲಿಯಾದರೂ ಗುರುತಿಸಬಲ್ಲೆ. ನಮ್ಮ ಸಾಹುಕಾರರು.

ಅಂಗಡಿಯವರು ಮಾನಿಟರನ್ನು ಪೂರ್ತಿ ಕಪ್ಪು, ಪೂರ್ತಿ ಬಿಳಿ, ಪೂರ್ತಿ ಕೆಂಪು ಮಾಡಿ ಒಂದೂ ಸತ್ತ ಚುಕ್ಕಿ ಇಲ್ಲವೆಂದು ತೋರಿಸಿದರು. "ಒಂದ ಚುಕ್ಕಿ ಕೆಟ್ಟಿದ್ರೂ ನಿಮಗ ಅದು ಕಿಡಿ ಕಂಡಂಗ ಕಾಡತೈತಿ" ಎಂದರು. ಪರದೆ ಹೊಳಪಿನದಲ್ಲ, ಮಂಕು ಮೈಯದು, ಬಾಗಿಲಿನ ಬಿಸಿಲು ಅದರಲ್ಲಿ ಪ್ರತಿಫಲಿಸುವುದಿಲ್ಲ ಎಂದರು. ಬೂದುಬಣ್ಣದ ಮೆಟ್ಟಿಲುಗಳಿರುವ ಒಂದು ಚಿತ್ರ ಹಾಕಿ, ಬಿಳಿಗೆ ತೀರ ಹತ್ತಿರದ ಕೊನೆಯ ಎರಡು ಮೆಟ್ಟಿಲು ಬೇರೆ ಬೇರೆ ಕಾಣುವವರೆಗೆ ಬೆಳಕನ್ನು ಇಳಿಸಿ ಕೊಟ್ಟರು. "ಯಾರ ಹೇಳಿದ್ರೂ ಇದನ್ನ ಏರಿಸಬ್ಯಾಡ್ರಿ. ಏರಿಸಿದ್ರ ಮತ್ತ ಎಲ್ಲಾ ಒಂದ ಬಿಳಿ."

ಲಕ್ಷ್ಮೇಶ್ವರದ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. "ನಿಮ್ಮ ಟೀವಿಗೂ ಅರ್ಧ ಟಿಕೀಟ ಹರೀಲೇನ್ರಿ?" ಎಂದು ಕಂಡಕ್ಟರ್ ಕೇಳಿದ. ಬಸ್ಸಿನವರೆಲ್ಲ ನಕ್ಕರು. ನಾನು ಡಬ್ಬಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ. ಕೆಲಸ ಕೊಟ್ಟವರಿಗೆ ಅವರದೇ ಕೈಯನ್ನು ಹೇಗೆ ತೋರಿಸುವುದು? ತೋರಿಸದಿದ್ದರೆ ಆ ಕಾಲುಗಳ ಎದುರು ಇನ್ನೊಮ್ಮೆ ಹೇಗೆ ಕೂರುವುದು?

ಮರುದಿನ ಬೆಳಿಗ್ಗೆ ಅದೇ ಗೋಡೆಗೆ ಹೊಸ ಮಾನಿಟರ್ ಏರಿತು. ಸಾಹುಕಾರರು ಬಂದವರೇ, "ಇದೇನವ್ವಾ, ಮೂವತ್ತೆರಡ ಹೇಳಿದ್ರ ಇಪ್ಪತ್ತೇಳ ತಂದಿ? ಕಲ್ತಾಕಿಗೆ ಲೆಕ್ಕ ಬರೂದಿಲ್ಲೇನ?" ಎಂದರು.

"ಕುಂತು ನೋಡ್ರಿ ಸಾಹುಕಾರ್ರ."

ಅವರು ಲೋಡಿಗೆ ಒರಗಿದರು. ನಾನು ಹನ್ನೆರಡೂ ಹದಿನೆಂಟರಿಂದ ಹಚ್ಚಿದೆ. ವಾಚಮನ್ನ ಬಾಗಿಲಲ್ಲಿ ನಿಂತಿದ್ದ. ಮೊದಲು ಅವರಿಗೆ ಬೆರಗಾಯಿತು, ನನಗೆ ಆದಂತೆಯೇ. "ನಮ್ಮ ಮಾಲು ಏನಿದು! ಒಂದೊಂದ ಲಾರಿ ಹತ್ತಿ ಬ್ಯಾರೆ ಬ್ಯಾರೆ ಕಾಣಾಕತ್ತೇತಲ್ಲೋ" ಎಂದು ಮುಂದಕ್ಕೆ ಬಾಗಿದರು. ಆಮೇಲೆ ಟ್ರ್ಯಾಕ್ಟರಿನತ್ತ ಬೆರಳು ಮಾಡಿದರು.

"ಅಂವ ಯಾರು, ಕೈ ಮಾಡಾಂವ?"

ನಾನು ಚಿತ್ರವನ್ನು ಅಲ್ಲೇ ನಿಲ್ಲಿಸಿದೆ. ವಾಚಮನ್ನನೇ ಹೇಳಿದ, "ನೀವ ಅದೀರ‍್ರಿ ಸಾಹುಕಾರ್ರ."

ನಾನು ಮೂವತ್ತೊಂದಕ್ಕೆ ಓಡಿಸಿ ಹೊಗೆಯನ್ನು ತೋರಿಸಿದೆ. ಅದನ್ನು ಕಂಡುಹಿಡಿಯಲು ಅವರಿಗೆ ನನ್ನ ಬೆರಳು ಬೇಕಾಗಲಿಲ್ಲ. ಅಕ್ಕ ಏರುವವರೆಗೆ ನೋಡಿದರು. "ಮತ್ತೊಮ್ಮಿ ಹಚ್ಚು" ಎಂದರು. ಮತ್ತೊಮ್ಮೆ, ಇನ್ನೊಮ್ಮೆ.

"ಹೊರಗ ಲಾರಿ ಸಾಲ ಹಚ್ಚಿದ್ವು. ಗಡಬಡಿಯೊಳಗ ನಾನ ಒಳಗ ಬಿಡಿಸಿದ್ನಿ" ಎಂದರು. ಯಾರನ್ನೂ ನೋಡದೆ ಹೇಳಿದರು. ಆಮೇಲೆ, "ಆಕಿನ್ನ ಕರಕೊಂಡ ಬರ್ರಿ" ಎಂದರು. ಮರುಕ್ಷಣ, "ಬ್ಯಾಡ ಬ್ಯಾಡ. ಗಾಡಿ ತಗಿ. ನಾನ ಹೊಕ್ಕೇನಿ" ಎಂದು ಎದ್ದರು. ಚಪ್ಪಲಿ ಹುಡುಕುವಾಗ ಅವರ ಕಾಲು ಎರಡು ಸಲ ತಪ್ಪಿತು.

ಅಡರಕಟ್ಟಿಯ ಆ ಓಣಿಯಲ್ಲಿ ಕಾರು ನಿಂತಾಗ ಮನೆಗಳಿಂದ ಜನ ಹೊರಬಂದರು. ಅಕ್ಕ ಬಾಗಿಲಲ್ಲೇ ಇದ್ದಳು. ಏಳಲು ಹೋದಳು. ಸಾಹುಕಾರರು ಕೈ ಅಡ್ಡ ಹಿಡಿದು ತಡೆದರು.

"ತಪ್ಪ ನಂದೈತಿ. ಟ್ರ್ಯಾಕ್ಟರ್ ಕಿಡಿಗೆ ಹತ್ತೇತಿ. ನಾನ ಒಳಗ ಬಿಡಿಸಿದ್ದೆ. ನೀ ಏರೂಕಿಂತ ಮೊದಲ ಹೊಗಿ ಇತ್ತು. ಎಲ್ಲಾರೂ ಕೇಳ್ರಿ, ಈಕಿದು ಏನೂ ಇಲ್ಲ." ಓಣಿಗೆಲ್ಲ ಕೇಳುವಷ್ಟು ಜೋರಾಗಿ ಹೇಳಿದರು. ವಾಚಮನ್ನನ ಮೊಬೈಲಿಗೆ ಇದನ್ನೂ ಹಿಡಿಯಲು ಹೇಳಿದರು.

ಅಕ್ಕ ಅವರನ್ನು ಮೇಲಿನಿಂದ ಕೆಳಗೆ ನೋಡಿದಳು. "ಈಗ ಕಣ್ಣ ಬಂದೂವೇನ್ರಿ ಸಾಹುಕಾರ್ರ?"

"ಬಂದೂವು ಬೇ. ಗದಗಿನಿಂದ ತರಿಸೀನಿ."

ಓಣಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಕ್ಕ ನಗಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, "ಹಂಗಾದ್ರ ನನಗೂ ತೋರಸ್ರಿ. ಊರ ಮಂದಿ ಎಲ್ಲಾ ನೋಡ್ಯಾರ, ನಾ ಒಬ್ಬಾಕಿ ನೋಡಿಲ್ಲ" ಎಂದಳು.

ಆಕೆಯನ್ನು ಕಾರಿನಲ್ಲೇ ಕರೆತಂದೆವು. ಜೊತೆಗೆ ಓಣಿಯ ಇಬ್ಬರು ಹೆಣ್ಣುಮಕ್ಕಳೂ ಹತ್ತಿಕೊಂಡರು. ಸುಟ್ಟ ಕಾಲು ಇಳಿಬಿಟ್ಟು ಕುರ್ಚಿಯಲ್ಲಿ ಕೂರಲು ಆಕೆಗೆ ಆಗುತ್ತಿರಲಿಲ್ಲ. ಕಾಲು ಚಾಚಿ ಕೂರುವ ಜಾಗ ಆಫೀಸಿನಲ್ಲಿ ಒಂದೇ ಇತ್ತು. ಸಾಹುಕಾರರು ಲೋಡು ಸರಿಸಿ, "ಕುಂಡ್ರು" ಎಂದರು. ಆ ಗಾದಿಯ ಮೇಲ್ತುದಿಯಲ್ಲಿ ಅವರ ಮನೆಯವರಲ್ಲದವರು ಕೂತದ್ದನ್ನು ನಾನು ಕಂಡಿರಲಿಲ್ಲ. ಆಕೆ ಹಿಂದೆಮುಂದೆ ನೋಡಿ, ಸೀರೆ ಒತ್ತರಿಸಿಕೊಂಡು ಕೂತಳು. ಸಾಹುಕಾರರು ಬಾಗಿಲ ಬಳಿ ನಿಂತರು.

ನಾನು ಹಚ್ಚಿದೆ. ಟ್ರ್ಯಾಕ್ಟರ್ ಹೋಯಿತು. ಹೊಗೆ ಎದ್ದಿತು. ಹೆಣ್ಣುಮಕ್ಕಳಿಬ್ಬರೂ "ಅಲ್ನೋಡ, ಅಲ್ನೋಡ" ಎಂದು ಬೆರಳು ಮಾಡಿದರು. ಅಕ್ಕ ಗಾದಿಯ ಹೊದಿಕೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಆಮೇಲೆ ಪರದೆಯ ಅಂಚಿನಿಂದ ಹಸಿರು ಸೀರೆ ಬಂತು. ಬುತ್ತಿಯ ಗಂಟನ್ನು ರಾಶಿಯಿಂದ ದೂರಕ್ಕೆ ಇಟ್ಟಿತು, ಸೊಂಟಕ್ಕೆ ಸೆರಗು ಸಿಕ್ಕಿಸಿತು, ಏರತೊಡಗಿತು. ಹತ್ತಿಯಲ್ಲಿ ಮೊಣಕಾಲಿನವರೆಗೆ ಹೂತು ಎತ್ತುವ ಒಂದೊಂದು ಹೆಜ್ಜೆಯೂ ಕಾಣುತ್ತಿತ್ತು. ಪಕ್ಕದಲ್ಲೇ ಹೊಗೆ ಒಂದು ಸಲ ಉಸಿರು ಬಿಟ್ಟು ನಿಂತಿತು.

"ಏರಬ್ಯಾಡ" ಎಂದಳು ಅಕ್ಕ.

ಪರದೆಯ ಮೇಲಿನ ಆಕೆ ಏರಿದಳು.

"ಇಳಿ ಬೇ. ಹುಚ್ಚಿ, ಇಳಿ ಅಂತೀನಿ. ಆ ಕಾವು ಬಿಸಲಿಂದಲ್ಲ ಬೇ!"

ಹೆಣ್ಣುಮಕ್ಕಳೂ ಕೂಗತೊಡಗಿದರು. ವಾಚಮನ್ನನೂ ಏನೋ ಅಂದ. ನನ್ನ ಕೈ ಮೌಸಿನ ಮೇಲಿತ್ತು, ಒತ್ತಿದರೆ ನಿಲ್ಲುತ್ತಿತ್ತು. ಮುಂದೆ ಏನಾಗುತ್ತದೆಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತು, ಆದದ್ದು ಆಗಿ ಹೋಗಿದೆ, ಆಕೆ ಬದುಕಿ ನಮ್ಮ ನಡುವೆಯೇ ಕೂತಿದ್ದಾಳೆ. ಆದರೂ ನನ್ನ ಗಂಟಲಿನಿಂದಲೂ ಅದೇ ಕೂಗು ಹೊರಟಿತು. ಪರದೆಯಲ್ಲಿ ಆಕೆ ಹತ್ತಿಯನ್ನು ಕೈಯಿಂದ ತಟ್ಟಿ ಸಮ ಮಾಡಿ, ಮಗ್ಗುಲಾಗಿ, ಕಣ್ಣಿನ ಮೇಲೆ ಮೊಣಕೈ ಇಟ್ಟುಕೊಂಡಳು.

"ಏಳು! ಏಳಬೇ, ಏಳು!" ಎಂದು ಕೂಗುತ್ತಿದ್ದ ಅಕ್ಕ ಬಟ್ಟೆ ಸುತ್ತಿದ ಆ ಕಾಲುಗಳ ಮೇಲೆ ತಾನೇ ಎದ್ದು ನಿಂತುಬಿಟ್ಟಿದ್ದಳು.